ರೈಲು ಹತ್ತುವ ಮೊದಲು: ಅಂಗವಿಕಲ ಪ್ರಯಾಣಿಕರಿಗೆ ಕಾಗದದಿಂದ ಪ್ಲಾಟ್‌ಫಾರ್ಮಿನವರೆಗೆ

"ಯುಡಿಐಡಿ ಕಾರ್ಡ್ ಇದೆ, ಆದರೂ ರಿಯಾಯಿತಿ ಕೊಡಲಿಲ್ಲ, ಯಾಕೆ?" "ಕೌಂಟರಿನವರು ಬೇರೆ ಫಾರಂ ತನ್ನಿ ಅಂದರು, ಅದು ಎಲ್ಲಿ ಸಿಗುತ್ತೆ?" "ಗಾಲಿಕುರ್ಚಿ ಬೋಗಿಯೊಳಗೆ ಹೋಗುತ್ತಾ?" ಈ ಮೂರು ಪ್ರಶ್ನೆಗಳು ಬೇರೆ ಬೇರೆ ಬಾಯಿಂದ ಎಷ್ಟು ಸಲ ಬಂದಿವೆಯೋ ಲೆಕ್ಕವಿಲ್ಲ. ಪ್ರತಿಯೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವ ಬದಲು ಕಾಗದ ಮಾಡಿಸುವಲ್ಲಿಂದ ಹಿಡಿದು ರೈಲಿನಿಂದ ಇಳಿಯುವವರೆಗಿನ ಎಲ್ಲವನ್ನೂ ಇಲ್ಲಿ ಒಂದೇ ಕಡೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ನಿಂತಿತಲ್ಲ, ಆಗ ಅಂಗವಿಕಲರದ್ದೂ ನಿಂತಿತು ಎಂದು ನಂಬಿದವರು ಈಗಲೂ ಇದ್ದಾರೆ. ಅದು ನಿಂತಿಲ್ಲ. ನಾಲ್ಕು ವರ್ಗದ ಅಂಗವಿಕಲರಿಗೆ ರಿಯಾಯಿತಿ ಮುಂದುವರಿದಿದೆ.

ಹಂತ 1: ನೀವು ಆ ನಾಲ್ಕು ವರ್ಗದಲ್ಲಿದ್ದೀರಾ?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಯುಡಿಐಡಿ, ಅಂದರೆ ಕೇಂದ್ರ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ, ಈ 21ಕ್ಕೂ ಸಿಗುತ್ತದೆ. ರೈಲ್ವೆಯ ಟಿಕೆಟ್ ರಿಯಾಯಿತಿ ಮಾತ್ರ ನಾಲ್ಕಕ್ಕೇ ಸೀಮಿತ. ಗೊಂದಲದ ಬೇರು ಇರುವುದು ಇಲ್ಲೇ.

ಮೊದಲನೆಯದು, ಸಹಾಯಕರಿಲ್ಲದೆ ಪ್ರಯಾಣ ಮಾಡಲಾಗದ ಚಲನವೈಕಲ್ಯ ಇರುವವರು. ಬೆನ್ನುಹುರಿ ಪೆಟ್ಟಿನಿಂದ ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರೂ ಇದರಲ್ಲೇ ಬರುತ್ತಾರೆ. ಎರಡನೆಯದು, ಸಹಾಯಕರಿಲ್ಲದೆ ಪ್ರಯಾಣ ಮಾಡಲಾಗದ ಬೌದ್ಧಿಕ ಅಂಗವೈಕಲ್ಯ ಇರುವವರು. ಮೂರನೆಯದು, ಸಂಪೂರ್ಣ ದೃಷ್ಟಿಹೀನರು. ನಾಲ್ಕನೆಯದು, ಕಿವಿಯೂ ಕೇಳದ, ಮಾತೂ ಬಾರದವರು. ಎರಡೂ ಒಬ್ಬರಲ್ಲೇ ಇರಬೇಕು. ಕಿವಿ ಮಾತ್ರ ಕೇಳದಿದ್ದರೆ ಸಾಲದು.

ಮೊದಲನೇ ವರ್ಗದ ಷರತ್ತನ್ನು ಇನ್ನೊಮ್ಮೆ ಓದಿ. ಪೋಲಿಯೊದಿಂದ ಒಂದು ಕಾಲಿಗೆ ತೊಂದರೆಯಾಗಿದೆ, ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆ ಕೊಡುವ ಸಾಧನ, ಹಾಕಿಕೊಂಡು ಒಬ್ಬರೇ ಓಡಾಡುತ್ತೀರಿ ಎಂದರೆ, ಪ್ರಮಾಣಪತ್ರದಲ್ಲಿ ಶೇಕಡಾ 60 ಎಂದು ಬರೆದಿದ್ದರೂ ರಿಯಾಯಿತಿ ಇಲ್ಲ. ಇಲ್ಲಿ ಶೇಕಡಾವಾರು ಲೆಕ್ಕ ನಡೆಯುವುದಿಲ್ಲ, 'ಸಹಾಯಕರಿಲ್ಲದೆ ಪ್ರಯಾಣ ಅಸಾಧ್ಯ' ಎಂಬ ವೈದ್ಯರ ಮಾತೇ ನಡೆಯುವುದು. ಕಷ್ಟಪಟ್ಟು ಸ್ವಂತ ಕಾಲ ಮೇಲೆ ನಿಂತವರಿಗೇ ಸೌಲಭ್ಯ ತಪ್ಪಿಸುವ ಈ ನಿಯಮ ನನಗೆ ಸರಿ ಕಾಣುವುದಿಲ್ಲ. ಆದರೆ ಇವತ್ತಿಗೆ ನಿಯಮ ಇದೇ. ಹಾಗಂತ ಸುಳ್ಳು ಬರೆಸಲು ಹೋಗಬೇಡಿ, ಮುಂದಿನ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ.

ಕೆಎಸ್‌ಆರ್‌ಟಿಸಿಯ ವಿಕಲಚೇತನರ ಬಸ್ ಪಾಸ್ ತೋರಿಸಿ ರೈಲು ಟಿಕೆಟ್ ಕೇಳುವವರೂ ಇದ್ದಾರೆ. ಅದು ರಾಜ್ಯದ್ದು, ಇದು ಕೇಂದ್ರದ್ದು. ಒಂದಕ್ಕೊಂದು ಸಂಬಂಧವಿಲ್ಲ.

ಹಂತ 2: ರೈಲ್ವೆ ನಮೂನೆಯ ಪ್ರಮಾಣಪತ್ರ

ನಿಮ್ಮ ಹತ್ತಿರ ಈಗಾಗಲೇ ಇರುವ ಅಂಗವೈಕಲ್ಯ ಪ್ರಮಾಣಪತ್ರ ಬೇರೆ, ರೈಲ್ವೆ ಕೇಳುವ ರಿಯಾಯಿತಿ ಪ್ರಮಾಣಪತ್ರ ಬೇರೆ. ಎರಡನೆಯದಕ್ಕೆ ರೈಲ್ವೆಯದೇ ಒಂದು ನಮೂನೆಯಿದೆ, ಪ್ರತಿ ವರ್ಗಕ್ಕೂ ಬೇರೆ ಬೇರೆ ಒಕ್ಕಣೆ. ರೈಲ್ವೆಯ ಜಾಲತಾಣದಿಂದ ಅದನ್ನು ಇಳಿಸಿಕೊಂಡು, ಮುದ್ರಿಸಿ, ಸರ್ಕಾರಿ ಆಸ್ಪತ್ರೆಗೆ ನೀವೇ ಒಯ್ಯಬೇಕು. ಆಸ್ಪತ್ರೆಯಲ್ಲಿ ಫಾರಂ ಇಟ್ಟಿರುತ್ತಾರೆ ಎಂದು ನಂಬಿ ಬರಿಗೈಲಿ ಹೋದರೆ ಒಂದು ದಿನ ವ್ಯರ್ಥ.

ಸಹಿಯಾದ ಮೇಲೆ ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮುನ್ನ ಅಲ್ಲೇ ನಿಂತು ಇವಿಷ್ಟನ್ನು ನೋಡಿಕೊಳ್ಳಿ:

— ಫೋಟೊ ಅಂಟಿಸಿದೆಯೇ? ಮೊಹರು ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿದೆಯೇ?
— ವೈದ್ಯರ ಹೆಸರು, ನೋಂದಣಿ ಸಂಖ್ಯೆ, ಆಸ್ಪತ್ರೆಯ ಮೊಹರು ಓದುವಂತಿವೆಯೇ?
— ತಾತ್ಕಾಲಿಕವೋ ಶಾಶ್ವತವೋ ಎಂಬಲ್ಲಿ ಒಂದನ್ನು ಸರಿಯಾಗಿ ಹೊಡೆದುಹಾಕಿದ್ದಾರೆಯೇ?
— ಎಲ್ಲಾದರೂ ತಿದ್ದಿದ್ದಾರೆಯೇ? ತಿದ್ದಿದ್ದರೆ ಹೊಸ ಹಾಳೆಯಲ್ಲಿ ಮತ್ತೆ ಬರೆಸಿ. ನಮೂನೆಯಲ್ಲಿ ಮಾರ್ಪಾಡಿಗೆ ಅವಕಾಶವಿಲ್ಲ.

ಇದರ ಜೊತೆಗೆ, ನಿಮ್ಮ ಹೊರರೋಗಿ ಚೀಟಿಯ ಸಂಖ್ಯೆ ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳಿ. ರೈಲ್ವೆಯವರು ಈ ಪ್ರಮಾಣಪತ್ರ ಅಸಲಿಯೇ ಎಂದು ಆಸ್ಪತ್ರೆಯನ್ನು ಕೇಳುತ್ತಾರೆ. ದಾಖಲೆ ಸಿಗಲಿಲ್ಲವೆಂದು ಆಸ್ಪತ್ರೆ ಸುಮ್ಮನಾದರೆ ನಿಮ್ಮ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಸಂಖ್ಯೆ ಕೈಲಿದ್ದರೆ ನೀವೇ ಹೋಗಿ ಹುಡುಕಿಸಬಹುದು.

ಪ್ರಮಾಣಪತ್ರಕ್ಕೆ ಆಯುಷ್ಯವೂ ಇದೆ. ತಾತ್ಕಾಲಿಕ ಅಂಗವೈಕಲ್ಯವಾದರೆ 5 ವರ್ಷ. ಶಾಶ್ವತವಾದರೆ ವಯಸ್ಸಿನ ಮೇಲೆ ಹೋಗುತ್ತದೆ: 25ರವರೆಗಿನವರಿಗೆ 5 ವರ್ಷ, 26ರಿಂದ 35ರವರಿಗೆ 10 ವರ್ಷ, 35 ದಾಟಿದವರಿಗೆ ಜೀವನಪೂರ್ತಿ. 'ಶಾಶ್ವತ' ಎಂದು ಬರೆದಿದೆಯಲ್ಲ ಎಂದು 22ರ ಹುಡುಗ ಆರು ವರ್ಷ ಅದನ್ನೇ ಇಟ್ಟುಕೊಂಡರೆ ಕೌಂಟರಿನಲ್ಲಿ ಮುಖಭಂಗ ಖಂಡಿತ.

ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ಇಲ್ಲವೇ ತಾಲ್ಲೂಕಿನ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಇವರೂ ಹೆಚ್ಚಿನವರು ಅಂಗವಿಕಲರೇ ಆದ್ದರಿಂದ, ಯಾವ ಆಸ್ಪತ್ರೆಯಲ್ಲಿ ಯಾವ ದಿನ ಯಾವ ತಜ್ಞರು ಸಿಗುತ್ತಾರೆ ಎಂಬುದು ಇವರಿಗೆ ಗೊತ್ತಿರುತ್ತದೆ. ದಲ್ಲಾಳಿಗೆ ಕಾಸು ಕೊಡುವ ಅಗತ್ಯವಿಲ್ಲ.

ಹಂತ 3: ರೈಲ್ವೆ ಫೋಟೊ ಗುರುತಿನ ಚೀಟಿ

ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕೌಂಟರಿನಲ್ಲಿ ರಿಯಾಯಿತಿ ಟಿಕೆಟ್ ತೆಗೆಯಬಹುದು: ಮೂಲಪ್ರತಿ ತೋರಿಸಿ, ಜೆರಾಕ್ಸ್ ಕೊಟ್ಟು. ಮೊಬೈಲಿನಲ್ಲಿ ಬುಕ್ ಮಾಡಬೇಕೆಂದರೆ ಇನ್ನೊಂದು ಮೆಟ್ಟಿಲಿದೆ, ಅದು ರೈಲ್ವೆಯೇ ಕೊಡುವ ವಿಶಿಷ್ಟ ಸಂಖ್ಯೆಯ ಗುರುತಿನ ಚೀಟಿ. ಹಿಂದೆ ಇದಕ್ಕಾಗಿ ಡಿಆರ್‌ಎಂ ಕಚೇರಿಗೆ, ಅಂದರೆ ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕಚೇರಿಗೆ, ಅಲೆಯಬೇಕಿತ್ತು. ಈಗ ರೈಲ್ವೆಯ ದಿವ್ಯಾಂಗಜನ್ ಐಡಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. ರೈಲ್ವೆ ನಮ್ಮನ್ನು ಕರೆಯುವುದು 'ದಿವ್ಯಾಂಗಜನ' ಎಂದು, ಹುಡುಕುವಾಗ ಆ ಪದ ಬಳಸಿ.

ಬೇಕಾದವು: ರಿಯಾಯಿತಿ ಪ್ರಮಾಣಪತ್ರ, ಫೋಟೊ, ಗುರುತಿನ, ವಿಳಾಸದ ಮತ್ತು ಜನ್ಮದಿನಾಂಕದ ದಾಖಲೆಗಳು. ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ. ಆಧಾರ್‌ನಲ್ಲಿ ತಂದೆಯ ಹೆಸರು ಸೇರಿ, ಪ್ರಮಾಣಪತ್ರದಲ್ಲಿ ಬರೀ ಇನಿಷಿಯಲ್ ಇದ್ದರೆ ಅರ್ಜಿ ವಾಪಸು ಬರಬಹುದು. ನಮ್ಮ ಕಡೆಯ ಹೆಸರುಗಳಿಗೆ ಇದು ಹುಟ್ಟಿನಿಂದ ಬಂದ ಕಾಟ.

ಕರ್ನಾಟಕದಲ್ಲಿದ್ದೀರಿ ಎಂದ ಮಾತ್ರಕ್ಕೆ ನಿಮ್ಮ ವಿಭಾಗ ಬೆಂಗಳೂರು ಎಂದುಕೊಳ್ಳಬೇಡಿ. ನೈಋತ್ಯ ರೈಲ್ವೆಯಲ್ಲಿ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂದು ಮೂರು ವಿಭಾಗಗಳಿವೆ. ಬೆಳಗಾವಿ, ವಿಜಯಪುರ ಹುಬ್ಬಳ್ಳಿಗೆ. ಶಿವಮೊಗ್ಗ, ದಾವಣಗೆರೆ ಮೈಸೂರಿಗೆ. ಮಂಗಳೂರಿನ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದವು, ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರದ್ದು, ರಾಯಚೂರು ಗುಂತಕಲ್ ವಿಭಾಗದ್ದು. ಅರ್ಜಿ ಎಲ್ಲಿ ಕೊಳೆಯುತ್ತಿದೆ ಎಂದು ವಿಚಾರಿಸುವಾಗ ಈ ಭೂಗೋಳ ಬೇಕಾಗುತ್ತದೆ.

ಚೀಟಿಯ ಮೇಲಿನ ಅವಧಿಯನ್ನು ಫೋನಿನ ಕ್ಯಾಲೆಂಡರಿಗೆ ಹಾಕಿಡಿ. ಪ್ರಮಾಣಪತ್ರದ ಅವಧಿ ಮುಗಿದರೆ ಚೀಟಿಯೂ ಅದರೊಂದಿಗೇ ಮುಗಿಯಿತು.

ಹಂತ 4: ಟಿಕೆಟ್, ದರ, ಸಹಾಯಕ

ಮೊದಲ ಮೂರು ವರ್ಗದವರಿಗೆ ಸೆಕೆಂಡ್ ಕ್ಲಾಸ್, ಸ್ಲೀಪರ್, ಫಸ್ಟ್ ಕ್ಲಾಸ್, ಥರ್ಡ್ ಎಸಿ ಮತ್ತು ಎಸಿ ಚೇರ್ ಕಾರ್‌ನಲ್ಲಿ ಶೇಕಡಾ 75 ರಿಯಾಯಿತಿ. ಸೆಕೆಂಡ್ ಎಸಿ, ಫಸ್ಟ್ ಎಸಿಯಲ್ಲಿ ಶೇಕಡಾ 50. ರಾಜಧಾನಿ, ಶತಾಬ್ದಿಯ ಥರ್ಡ್ ಎಸಿ ಮತ್ತು ಚೇರ್ ಕಾರ್‌ನಲ್ಲಿ ಶೇಕಡಾ 25 ರಿಯಾಯಿತಿ. ಕಿವಿ, ಮಾತು ಎರಡೂ ಇಲ್ಲದವರಿಗೆ ಸೆಕೆಂಡ್, ಸ್ಲೀಪರ್, ಫಸ್ಟ್ ಕ್ಲಾಸ್‌ನಲ್ಲಿ ಶೇಕಡಾ 50, ಎಸಿಯಲ್ಲಿ ಇಲ್ಲ. ತಿಂಗಳ ಪಾಸು, ಮೂರು ತಿಂಗಳ ಪಾಸು ನಾಲ್ಕೂ ವರ್ಗಕ್ಕೆ ಅರ್ಧ ದರ. ಜೊತೆಗೆ ಬರುವ ಒಬ್ಬ ಸಹಾಯಕರಿಗೂ ಅದೇ ರಿಯಾಯಿತಿ.

"ಮುಕ್ಕಾಲು ಪಾಲು ಕಡಿಮೆ ಅಂದಿರಿ, ಇಷ್ಟು ಯಾಕೆ ಹಿಡಿದರು?" ಎಂಬ ದೂರು ಆಗಾಗ ಬರುತ್ತದೆ. ರಿಯಾಯಿತಿ ಇರುವುದು ಮೂಲ ದರಕ್ಕೆ ಮಾತ್ರ. ಸ್ಲೀಪರಿನಲ್ಲಿ ಮೂಲ ದರ 400 ರೂಪಾಯಿ ಎಂದಿಟ್ಟುಕೊಳ್ಳಿ. ರಿಯಾಯಿತಿ ಕಳೆದು 100. ಅದಕ್ಕೆ ಕಾಯ್ದಿರಿಸುವ ಶುಲ್ಕ 20, ಸೂಪರ್‌ಫಾಸ್ಟ್ ಆದರೆ ಇನ್ನೊಂದು 30. ಒಟ್ಟು 150. ಯಾರೂ ಮೋಸ ಮಾಡಿಲ್ಲ.

ತತ್ಕಾಲ್‌ನಲ್ಲಿ ರಿಯಾಯಿತಿ ಇಲ್ಲವೇ ಇಲ್ಲ. ಹಾಗಾಗಿ ಮುಂಗಡ ಬುಕಿಂಗೇ ನಮಗೆ ದಾರಿ. 2024ರ ನವೆಂಬರ್ 1ರಿಂದ ಬುಕಿಂಗ್ ತೆರೆಯುವುದು ಪ್ರಯಾಣಕ್ಕೆ 60 ದಿನ ಮೊದಲು, ಹಳೆಯ 120 ದಿನದ ಲೆಕ್ಕ ಬಿಡಿ.

ಐಆರ್‌ಸಿಟಿಸಿಯಲ್ಲಿ ರೈಲು ಹುಡುಕುವ ಪುಟದಲ್ಲೇ ಅಂಗವಿಕಲರ ರಿಯಾಯಿತಿ ಎಂಬ ಚೌಕ ಇರುತ್ತದೆ. ಮೊದಲು ಅದಕ್ಕೆ ಗುರುತು ಹಾಕಿ, ಆಮೇಲೆ ಹುಡುಕಿ. ಎಲ್ಲ ತುಂಬಿಸಿ ಹಣ ಕಟ್ಟುವ ಹೊತ್ತಿಗೆ ನೆನಪಾದರೆ ಮತ್ತೆ ಮೊದಲಿಂದ. ಕೋಟಾ ಜಾಗದಲ್ಲೂ ಅಂಗವಿಕಲರ ಕೋಟಾವನ್ನೇ ಆರಿಸಿ. ಕೋಟಾ ಎಂದರೆ ನಮಗಾಗಿ ಪ್ರತ್ಯೇಕ ತೆಗೆದಿಟ್ಟ ಬರ್ತ್‌ಗಳು. ಸ್ಲೀಪರಿನಲ್ಲಿ ಅಂಥವು ನಾಲ್ಕು, ಅದರಲ್ಲಿ ಎರಡು ಕೆಳಗಿನವು. ಸಾಮಾನ್ಯ ಕೋಟಾದಲ್ಲಿ ವೇಟಿಂಗ್ ಲಿಸ್ಟ್ ನೂರು ದಾಟಿದ್ದಾಗಲೂ ಇಲ್ಲಿ ಬರ್ತ್ ಉಳಿದಿರುವುದುಂಟು. ಕೆಲವರು ರಿಯಾಯಿತಿ ಮಾತ್ರ ತೆಗೆದುಕೊಂಡು ಕೋಟಾ ಮರೆಯುತ್ತಾರೆ. ನನ್ನ ಮಟ್ಟಿಗೆ ಹಣ ಉಳಿಯುವುದಕ್ಕಿಂತ ಕೆಳಗಿನ ಬರ್ತ್ ಸಿಗುವುದು ದೊಡ್ಡದು.

ಸ್ಕ್ರೀನ್ ರೀಡರ್ ಬಳಸುವ ದೃಷ್ಟಿಹೀನರು ಕ್ಯಾಪ್ಚಾ ಬದಲು ಒಟಿಪಿ ಮೂಲಕ ಲಾಗಿನ್ ಆಗುವ ಆಯ್ಕೆಯನ್ನು ಹುಡುಕಿ.

ಸಹಾಯಕರ ಹೆಸರು ನಿಮ್ಮದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಟಿಕೆಟ್ ಸಂಖ್ಯೆಯಲ್ಲಿ ಇರಬೇಕು. "ಅಣ್ಣ ಮಧ್ಯದ ಸ್ಟೇಷನ್ನಿನಲ್ಲಿ ಹತ್ತುತ್ತಾನೆ, ಅವನದ್ದು ಬೇರೆ ಟಿಕೆಟ್" ಎಂದರೆ ಅಣ್ಣನಿಗೆ ರಿಯಾಯಿತಿ ಇಲ್ಲ. ದೃಷ್ಟಿಹೀನರು ಮತ್ತು ನಾಲ್ಕನೇ ವರ್ಗದವರು ಒಬ್ಬರೇ ಹೋದರೂ ರಿಯಾಯಿತಿ ಉಂಟು. ಮೊದಲ ಎರಡು ವರ್ಗದವರ ಪ್ರಮಾಣಪತ್ರವೇ 'ಸಹಾಯಕರಿಲ್ಲದೆ ಆಗದು' ಎನ್ನುವುದರಿಂದ ಸಹಾಯಕರನ್ನು ಸೇರಿಸಿಯೇ ಬುಕ್ ಮಾಡುವುದು ಕ್ಷೇಮ.

ಹಂತ 5: ಯಾವ ರೈಲು, ಯಾವ ನಿಲ್ದಾಣ

ಕಾಗದದ ಕೆಲಸಕ್ಕಿಂತ ಹೆಚ್ಚು ಯೋಚನೆ ಬೇಡುವ ಹಂತ ಇದು. ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ.

ನಮ್ಮ ಎತ್ತರದ ಪ್ಲಾಟ್‌ಫಾರ್ಮ್‌ಗಳು ಹಳಿಯಿಂದ 76ರಿಂದ 84 ಸೆಂಟಿಮೀಟರ್ ಮೇಲಿರುತ್ತವೆ. ಬೋಗಿಯ ನೆಲ ಇರುವುದು ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿ. ಅಂದರೆ ಒಳ್ಳೆಯ ಪ್ಲಾಟ್‌ಫಾರ್ಮಿನಲ್ಲೂ ಒಂದೂವರೆ ಅಡಿ ಏರಬೇಕು, ನಡುವೆ ಸಂದಿಯೂ ಇರುತ್ತದೆ. ಚಿಕ್ಕ ನಿಲ್ದಾಣಗಳ ತಗ್ಗು ಪ್ಲಾಟ್‌ಫಾರ್ಮಿನಲ್ಲಿ ಇದು ಇನ್ನೂ ಹೆಚ್ಚು. ಅಲ್ಲಿ ರೈಲು ನಿಲ್ಲುವುದು ಒಂದೋ ಎರಡೋ ನಿಮಿಷ. ಗಾಲಿಕುರ್ಚಿಯವರು ಅಷ್ಟರಲ್ಲಿ ಹತ್ತುವುದು ಆಗದ ಮಾತು.

ಆದ್ದರಿಂದ ರೈಲು ಹೊರಡುವ ಮೂಲ ನಿಲ್ದಾಣದಿಂದಲೇ ಹತ್ತಿ. ಅಲ್ಲಿ ಗಾಡಿ ಮೊದಲೇ ಬಂದು ನಿಂತಿರುತ್ತದೆ, ಅವಸರವಿಲ್ಲ. ಮನೆಗೆ ಹತ್ತಿರದ ಚಿಕ್ಕ ನಿಲ್ದಾಣಕ್ಕಿಂತ ಅರ್ಧ ಗಂಟೆ ದೂರದ ದೊಡ್ಡ ನಿಲ್ದಾಣ ಮೇಲು. ಬೆಂಗಳೂರಿನಲ್ಲಾದರೆ 2022ರಲ್ಲಿ ಶುರುವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಲಿಫ್ಟ್, ಎಸ್ಕಲೇಟರ್ ಇವೆ. ಆಯ್ಕೆ ಇದ್ದರೆ ಅಲ್ಲಿಂದ ಹೊರಡುವ ರೈಲುಗಳನ್ನು ನೋಡಿ. ಬುಕ್ ಆದ ಮೇಲೆ ಮನಸ್ಸು ಬದಲಾದರೆ, ಚಾರ್ಟ್ ಸಿದ್ಧವಾಗುವ ಮುಂಚೆ ಹತ್ತುವ ನಿಲ್ದಾಣವನ್ನು ಬದಲಿಸಬಹುದು.

ಇನ್ನು ಬೋಗಿ. ಹೆಚ್ಚಿನ ಮೇಲ್, ಎಕ್ಸ್‌ಪ್ರೆಸ್ ರೈಲುಗಳಲ್ಲಿ ಎಸ್‌ಎಲ್‌ಆರ್‌ಡಿ ಎಂಬ ಬೋಗಿ ಇರುತ್ತದೆ. ಗಾರ್ಡ್, ಲಗೇಜು ಮತ್ತು ಅಂಗವಿಕಲರ ಕಂಪಾರ್ಟ್‌ಮೆಂಟು ಮೂರನ್ನೂ ಒಂದರಲ್ಲೇ ಸೇರಿಸಿದ ಬೋಗಿ ಅದು, ಹೊರಗೆ ಗಾಲಿಕುರ್ಚಿಯ ಚಿಹ್ನೆ ಇರುತ್ತದೆ. ಬಾಗಿಲು ಅಗಲ, ಗಾಲಿಕುರ್ಚಿಗೆ ಜಾಗ, ಹಿಡಿಕೆಗಳಿರುವ ಅಗಲವಾದ ಶೌಚಾಲಯ. ಇಡೀ ರೈಲಿನಲ್ಲಿ ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಗುವುದು ಸಾಮಾನ್ಯವಾಗಿ ಇದೊಂದಕ್ಕೇ. ಆದರೆ ಇದು ಕಾಯ್ದಿರಿಸದ ಬೋಗಿ, ರಾತ್ರಿ ಮಲಗಲು ಸ್ಲೀಪರಿನ ಅನುಕೂಲವಿಲ್ಲ. ಸ್ಲೀಪರ್ ಮತ್ತು ಎಸಿ ಬೋಗಿಗಳಲ್ಲಿ ಗಾಲಿಕುರ್ಚಿ ಬಾಗಿಲಲ್ಲೇ ನಿಲ್ಲುತ್ತದೆ, ನಿಮ್ಮನ್ನು ಬರ್ತಿನವರೆಗೆ ಎತ್ತಿಕೊಂಡೇ ಹೋಗಬೇಕು, ಶೌಚಾಲಯವೂ ಇಕ್ಕಟ್ಟು. ಹಗಲು ಪ್ರಯಾಣಕ್ಕೆ ಎಸ್‌ಎಲ್‌ಆರ್‌ಡಿ, ರಾತ್ರಿಗೆ ಬಾಗಿಲ ಸಮೀಪದ ಕೆಳ ಬರ್ತ್: ನಾನು ಹೇಳುವುದು ಇಷ್ಟೇ. ಚೇರ್ ಕಾರ್ ಇರುವ ವಂದೇ ಭಾರತ್‌ನಲ್ಲಿ ಮೊದಲ ಮತ್ತು ಕೊನೆಯ ಬೋಗಿಗಳಲ್ಲಿ ಗಾಲಿಕುರ್ಚಿಗೆ ಸ್ಥಳ, ಅಗಲವಾದ ಶೌಚಾಲಯ ಇದೆ. ಸೀಟಿನ ಸಂಖ್ಯೆಗಳು ಬ್ರೈಲ್‌ನಲ್ಲೂ ಇವೆ.

ಎಸ್‌ಎಲ್‌ಆರ್‌ಡಿ ಇರುವುದು ಸಾಮಾನ್ಯವಾಗಿ ರೈಲಿನ ತುದಿಯಲ್ಲಿ. ಹುಬ್ಬಳ್ಳಿಯಲ್ಲಿರುವ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ಬೇರೆಡೆಯೂ 22 ಬೋಗಿಯ ರೈಲು ಅರ್ಧ ಕಿಲೋಮೀಟರಿಗೂ ಉದ್ದ. ತಪ್ಪು ತುದಿಯಲ್ಲಿ ಕಾದು ಕೂತರೆ ಓಡಲು ಆಗುವುದಿಲ್ಲ. ಬೋಗಿಗಳ ಕ್ರಮವನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಹಂತ 6: ನಿಲ್ದಾಣದಲ್ಲಿ

ದೊಡ್ಡ ನಿಲ್ದಾಣಗಳಲ್ಲಿ ಗಾಲಿಕುರ್ಚಿಗೆ ಹಣ ಇಲ್ಲ. ತಳ್ಳಲು ಹಮಾಲರು ಬೇಕಾದರೆ ಅವರಿಗೆ ನಿಗದಿಯಾದ ಕೂಲಿ ಕೊಡಬೇಕು. ಕುರ್ಚಿ ಕೇಳಬೇಕಾದ್ದು ಸ್ಟೇಷನ್ ಮಾಸ್ಟರ್ ಅಥವಾ ಉಪ ಸ್ಟೇಷನ್ ಸೂಪರಿಂಟೆಂಡೆಂಟ್ ಕಚೇರಿಯಲ್ಲಿ. ವಿಚಾರಣೆ ಕಿಟಕಿಯಲ್ಲಿ ಕೇಳುತ್ತಾ ನಿಂತರೆ ಹೊತ್ತು ಹೋಗುತ್ತದೆ. ಪ್ರಮುಖ ನಿಲ್ದಾಣಗಳಲ್ಲಿ ಯಾತ್ರಿ ಮಿತ್ರ ಸೇವೆಯಡಿ ಗಾಲಿಕುರ್ಚಿ ಮತ್ತು ಹಮಾಲರನ್ನು ಮೊದಲೇ ಕಾಯ್ದಿರಿಸಬಹುದು. ಹಾಗೆ ಮಾಡಿದ್ದರೂ ಹಿಂದಿನ ದಿನ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ರೈಲಿಗೆ ಒಂದು ಗಂಟೆ ಮೊದಲು ನಿಲ್ದಾಣದಲ್ಲಿರಿ. ಇರುವ ಕುರ್ಚಿಗಳು ನಾಲ್ಕೋ ಐದೋ, ಮುಂದಿನ ರೈಲಿಗೆ ಬಂದವರು ಒಯ್ದಿರುತ್ತಾರೆ.

ಲಿಫ್ಟ್ ಇದೆಯೇ ಎಂದು ಕೇಳಿದರೆ ಸಾಲದು, ಇವತ್ತು ನಡೆಯುತ್ತಿದೆಯೇ ಎಂದು ಕೇಳಿ. ಕೊನೆ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಾಯಿಸಿದರೆ ಏನು ದಾರಿ ಎಂಬುದನ್ನೂ ಆಗಲೇ ಕೇಳಿಟ್ಟುಕೊಳ್ಳಿ.

ಹತ್ತಿಸುವಾಗ ಎತ್ತುವವರಿಗೆ ನೀವೇ ಹೇಳಿಕೊಡಬೇಕು. ತೋಳು ಹಿಡಿದು ಎಳೆಯಬೇಡಿ, ಕಂಕುಳ ಕೆಳಗೆ ಒಬ್ಬರು, ಮಂಡಿ ಕೆಳಗೆ ಒಬ್ಬರು ಹಿಡಿಯಿರಿ ಎಂದು ಮೊದಲೇ ಹೇಳಿ, ಸಂಕೋಚ ಬೇಡ. ಕುರ್ಚಿಯ ಬ್ರೇಕ್ ಹಾಕಿದ ಮೇಲೆಯೇ ಎತ್ತಲಿ.

ಕಿವಿ ಕೇಳದವರಿಗೆ ಧ್ವನಿವರ್ಧಕದ ಪ್ರಕಟಣೆ ಇದ್ದೂ ಇಲ್ಲದಂತೆ. ಎನ್‌ಟಿಇಎಸ್ ಎಂಬ ರೈಲ್ವೆ ವಿಚಾರಣೆ ಆ್ಯಪ್‌ನಲ್ಲಿ ರೈಲು ಎಲ್ಲಿದೆ, ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ನೋಡುತ್ತಿರಿ.

ಹಂತ 7: ರೈಲಿನೊಳಗೆ, ಇಳಿಯುವಾಗ

ರೈಲ್ವೆ ಗುರುತಿನ ಚೀಟಿಯ ಅಥವಾ ಪ್ರಮಾಣಪತ್ರದ ಮೂಲಪ್ರತಿ ಜೊತೆಯಲ್ಲೇ ಇರಲಿ. ಫೋನಿನಲ್ಲಿರುವ ಫೋಟೊ ನಂಬಿ ಹೋಗಬೇಡಿ. ತೋರಿಸಲಾಗದಿದ್ದರೆ ಪೂರ್ತಿ ದರವನ್ನೂ ದಂಡವನ್ನೂ ಕಟ್ಟಬೇಕಾಗಬಹುದು.

ಮೇಲಿನ ಬರ್ತ್ ಸಿಕ್ಕಿದ್ದರೆ ಟಿಟಿಇ ಬಂದ ತಕ್ಷಣ ಹೇಳಿ. ರೈಲು ಹೊರಟ ಮೇಲೆ ಖಾಲಿ ಉಳಿದ ಕೆಳ ಬರ್ತನ್ನು ಅಂಗವಿಕಲರಿಗೆ ಕೊಡುವ ಅಧಿಕಾರ ಅವರಿಗಿದೆ. ಕೇಳಿದವರಿಗೆ ಸಿಗುತ್ತದೆ.

ವಿದ್ಯುತ್ ಗಾಲಿಕುರ್ಚಿ ಅಥವಾ ಉಸಿರಾಟದ ಯಂತ್ರ ಇದ್ದರೆ ಬ್ಯಾಟರಿ ತುಂಬಿಸಿಕೊಂಡೇ ಹತ್ತಿ. ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟುಗಳಿಗೆ ವಿದ್ಯುತ್ ನಿಲ್ಲಿಸುವುದುಂಟು. ಮಡಚಿದ ಕುರ್ಚಿಯನ್ನು ಸೀಟಿನ ಕಾಲಿಗೆ ಸರಪಳಿ ಹಾಕಿ ಬೀಗ ಹಾಕಿ. ಶೌಚಾಲಯಕ್ಕೆ ಹೋಗಲಾಗದವರು ಯೂರಿನ್ ಬಾಟಲಿ, ಡಯಾಪರ್, ಒಂದು ಹಳೆ ಬೆಡ್‌ಶೀಟಿನ ಮರೆ ಇಟ್ಟುಕೊಳ್ಳಿ. ನೀರು ಕುಡಿಯುವುದನ್ನೇ ಬಿಟ್ಟು ಪ್ರಯಾಣ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ಬೆನ್ನುಹುರಿ ತೊಂದರೆ ಇರುವವರಿಗೆ ಅದರಿಂದ ಮೂತ್ರದ ಸೋಂಕು ಗಂಟು ಬೀಳುತ್ತದೆ.

ಅಂಗವಿಕಲರ ಕಂಪಾರ್ಟ್‌ಮೆಂಟ್ ತುಂಬಾ ಬೇರೆಯವರೇ ಕೂತಿರುವುದು ಹೊಸ ಸಂಗತಿಯಲ್ಲ. ಜಗಳಕ್ಕಿಳಿಯದೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ಇಲ್ಲವೇ ರೈಲ್ ಮದದ್ ಆ್ಯಪ್‌ನಲ್ಲಿ ದೂರು ಹಾಕಿ. ರೈಲಿನ ಸಂಖ್ಯೆ, ಬೋಗಿ ಮುಂದಿದೆಯೋ ಹಿಂದಿದೆಯೋ, ಮುಂದಿನ ನಿಲ್ದಾಣ ಯಾವುದು, ಮೂರನ್ನೂ ಹೇಳಿದರೆ ಆರ್‌ಪಿಎಫ್‌ನವರು, ಅಂದರೆ ರೈಲ್ವೆ ರಕ್ಷಣಾ ದಳದವರು, ಬೇಗ ಬರಬಲ್ಲರು. ಹೀಗೆ ಕೂತವರ ಮೇಲೆ 1989ರ ರೈಲ್ವೆ ಕಾಯ್ದೆಯ 155ನೇ ಕಲಂ ಅಡಿ ಕ್ರಮಕ್ಕೆ ಅವಕಾಶವಿದೆ.

ಇಳಿಯುವ ತಯಾರಿ ಹಿಂದಿನ ನಿಲ್ದಾಣ ಬಿಟ್ಟ ಕೂಡಲೇ ಶುರುವಾಗಲಿ. ಇಳಿಯುವಲ್ಲಿ ಗಾಲಿಕುರ್ಚಿ ಬೇಕೆಂದು ಒಂದೆರಡು ಗಂಟೆ ಮೊದಲೇ 139ರಲ್ಲಿ ಅಥವಾ ಟಿಟಿಇಗೆ ತಿಳಿಸಿ. ಇದೇ 139ರಲ್ಲಿ ನಿಲ್ದಾಣ ಬರುವ ಮುನ್ನ ಎಬ್ಬಿಸುವ ಸೂಚನೆಯನ್ನೂ ಇಟ್ಟುಕೊಳ್ಳಬಹುದು. ಒಬ್ಬರೇ ಹೋಗುವ ದೃಷ್ಟಿಹೀನರಿಗೆ ರಾತ್ರಿ ಹೊತ್ತು ಇದು ಅನುಕೂಲ. ಮೊದಲು ಕುರ್ಚಿ ಕೆಳಗಿಳಿಯಲಿ, ಬಿಚ್ಚಿ ಬ್ರೇಕ್ ಹಾಕಲಿ, ಆಮೇಲೆ ನೀವು, ಕೊನೆಗೆ ಚೀಲ. ಚೀಲ ಮೊದಲು ಇಳಿಸಲು ಹೋದ ಸಹಾಯಕ ಪ್ಲಾಟ್‌ಫಾರ್ಮಿನಲ್ಲಿ, ನೀವು ರೈಲಿನಲ್ಲಿ ಎಂಬಂತಾಗಬಾರದು.

ಎಲ್ಲ ಸರಿಯಿದ್ದೂ ರಿಯಾಯಿತಿ ನಿರಾಕರಿಸಿದರೆ, ಬೋಗಿ ಹತ್ತಲು ಬಿಡದಿದ್ದರೆ, ರೈಲ್ ಮದದ್ ದೂರಿನ ಸಂಖ್ಯೆಯನ್ನು ಜೋಪಾನವಾಗಿಡಿ. ಅಲ್ಲಿ ಬರೀ 'ಪರಿಹರಿಸಲಾಗಿದೆ' ಎಂದು ಮುಚ್ಚಿಹಾಕಿದರೆ ದೆಹಲಿಯ ಅಂಗವಿಕಲ ವ್ಯಕ್ತಿಗಳ ಮುಖ್ಯ ಆಯುಕ್ತರಿಗೆ ಬರೆಯಬಹುದು. ರೈಲ್ವೆ ಕೇಂದ್ರದ ಇಲಾಖೆಯಾದ್ದರಿಂದ ರಾಜ್ಯ ಆಯುಕ್ತರಿಗಿಂತ ಅಲ್ಲಿಗೇ ನೇರವಾಗಿ ಬರೆಯಿರಿ. ದೂರಿನ ಸಂಖ್ಯೆ, ಟಿಕೆಟ್ ಪ್ರತಿ, ಪ್ರಮಾಣಪತ್ರದ ಪ್ರತಿ, ನಡೆದ ದಿನಾಂಕ ಮತ್ತು ವೇಳೆ, ಇಷ್ಟು ಒಂದು ಪುಟದ ಪತ್ರದ ಜೊತೆಗಿದ್ದರೆ ಸಾಕು.